ಬೇವಿನ ನೆರಳಲ್ಲಿ ಒಂದು ಮದುವೆ ಫೋಟೋ

ಕಲಬುರಗಿಯಲ್ಲಿ ವಸಂತ ಋತು ಎಂಬುದು ಪಂಚಾಂಗದಲ್ಲಿ ಮಾತ್ರ ಇರುತ್ತದೆ. ಚೈತ್ರ ವೈಶಾಖವೆಂದು ಕವಿಗಳು ಕೋಗಿಲೆಯನ್ನು ಕರೆಯುವ ಹೊತ್ತಿಗೆ ಇಲ್ಲಿ ಬಿಸಿಲು 40 ಡಿಗ್ರಿ ದಾಟಿರುತ್ತದೆ. ಆದರೂ ಮದುವೆಗಳು ಹೆಚ್ಚಾಗಿ ನಡೆಯುವುದು ಇದೇ ದಿನಗಳಲ್ಲಿ. ರಾಶಿ ಮುಗಿದಿರುತ್ತದೆ, ತೊಗರಿ ಮಾರಿದ ರೊಕ್ಕ ಕೈಗೆ ಬಂದಿರುತ್ತದೆ, ಮಕ್ಕಳ ಪರೀಕ್ಷೆ ಕಳೆದಿರುತ್ತದೆ. ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋದವರು ಊರಿಗೆ ಮರಳಿರುತ್ತಾರೆ. ಮದುವೆಗೆ ಬೇಕಾದದ್ದು ಇಷ್ಟು, ತಂಗಾಳಿಯೇನೂ ಅಲ್ಲ.

ನಗರದ ಶರಣಬಸವೇಶ್ವರ ದೇವಸ್ಥಾನದ ಜಾತ್ರೆ ಹೋಳಿ ಹುಣ್ಣಿಮೆಯಾದ ಐದನೆಯ ದಿನಕ್ಕೆ. ದಾಸೋಹಕ್ಕೆ ಹೆಸರಾದ ಶರಣಬಸವೇಶ್ವರರು ಲಿಂಗೈಕ್ಯರಾದದ್ದು 1822ರಲ್ಲಿ. 2022ರಲ್ಲಿ ಇನ್ನೂರನೆಯ ಜಾತ್ರೆ ನಡೆಯಿತು. ತೇರು ಎಳೆದು, ಬತ್ತಾಸು ಮಾರುವವರು, ಆಟಿಕೆಯ ಅಂಗಡಿಯವರು ಗಂಟುಮೂಟೆ ಕಟ್ಟಿದ ಮೇಲೆ ಆ ಬಯಲಿಗೆ ಮದುವೆಯ ಟೆಂಪೋಗಳು ಬರತೊಡಗುತ್ತವೆ. ಕಲ್ಯಾಣ ಮಂಟಪದ ಬಾಡಿಗೆಗೆ ಸಾಲ ಮಾಡಲು ಒಲ್ಲದವರು, ಸಾಲ ಸಿಗದವರು, ಹರಕೆ ಹೊತ್ತವರು ಎಲ್ಲರೂ ಶರಣರ ಪಾದಕ್ಕೇ ಬರುತ್ತಾರೆ. ವೇದಿಕೆ ಇಲ್ಲ, ಸಿಂಹಾಸನದಂಥ ಕುರ್ಚಿ ಇಲ್ಲ. ಅಮೆರಿಕದಲ್ಲಿ ಹುಲ್ಲು ದಾಸ್ತಾನು ಮಾಡುವ ಹಳೆಯ ಕೊಟ್ಟಿಗೆಗಳನ್ನು ತೊಳೆದು ಬಳಿದು ಮದುವೆಗೆ ಬಾಡಿಗೆ ಕೊಡುತ್ತಾರೆ. ನಮ್ಮ ದೊಡ್ಡ ಊರುಗಳ ರೆಸಾರ್ಟುಗಳಲ್ಲಿ ಎತ್ತಿನ ಗಾಡಿ, ಹುಲ್ಲಿನ ಸಿವುಡು ತಂದಿಟ್ಟು ‘ಹಳ್ಳಿ ಮದುವೆ’ ಮಾಡುವುದೂ ಶುರುವಾಗಿದೆ. ಇಲ್ಲಿ ಅದಕ್ಕೆ ಬೇರೆ ದುಡ್ಡು ಕೊಡಬೇಕಾಗಿಲ್ಲ. ಹಳ್ಳಿಯೇ ಟೆಂಪೋದಿಂದ ಇಳಿಯುತ್ತದೆ.

ಕಳೆದ ವೈಶಾಖದಲ್ಲಿ ಹಾಗೆ ಇಳಿದದ್ದು ಕಮಲಾಪುರದ ಕಡೆಯ ಒಂದು ಒಕ್ಕಲುತನದ ಮನೆ. ಬುಟ್ಟಿಯ ತುಂಬ ಆ ಸೀಮೆಯ ಕೆಂಪು ಬಾಳೆಹಣ್ಣು, ಗಂಟಿನಲ್ಲಿ ಅರಿಶಿಣ ಹಚ್ಚಿದ ಜೋಳದ ಅಕ್ಷತೆ, ಖಟಕ ರೊಟ್ಟಿ, ಶೇಂಗಾ ಹಿಂಡಿ. ಫೋಟೋ ತೆಗೆಯಲು ಬಂದವರನ್ನು ಓಣಿಯವರೆಲ್ಲ ‘ಫೋಟೋ ಕಾಕಾ’ ಎಂದೇ ಕರೆಯುವುದು. ರೋಲು ಫಿಲ್ಮಿನ ಕಾಲದಿಂದ ಈ ಕೆಲಸದಲ್ಲಿರುವ ಮನುಷ್ಯ. ಒಂದು ರೋಲಿಗೆ 36 ಚಿತ್ರ, ಮದುವೆಗೆ ಮೂರು ರೋಲು ಎಂದು ಮಾತಾಗಿದ್ದರೆ 108 ಸಲ ಮಾತ್ರ ಗುಂಡಿ ಒತ್ತಬೇಕು. ಆ ಲೆಕ್ಕ ಬೆರಳಿಗೆ ಎಷ್ಟು ಅಂಟಿದೆಯೆಂದರೆ, ಈಗ ಸಾವಿರ ಚಿತ್ರ ಹಿಡಿಯುವ ಕಾರ್ಡು ಇದ್ದರೂ ಕಾಕಾ ಸುಮ್ಮಸುಮ್ಮನೆ ಒತ್ತುವುದಿಲ್ಲ.

ಮದುವೆಗೆ ಎರಡು ವಾರ ಮೊದಲು ಮದುಮಗಳೇ ಫೋನು ಮಾಡಿದ್ದಳು. ಬಿ.ಎಸ್ಸಿ. ಮುಗಿಸಿದ ಹುಡುಗಿ. “ಕಾಕಾ, ನಮ್ಮ ಫೋಟೋ ಹ್ಯಾಂಗರ ಬರಲ್ರಿ. ಮುತ್ಯಾಂದು ಒಂದು ಚಲೋ ತೆಗೀರಿ. ಆದ್ರ ಅವ್ರಿಗಿ ಗೊತ್ತಾಗಬಾರ್ದು.”

ಇದರ ಹಿಂದೆ ಒಂದು ಕಥೆಯಿದೆ. ಹುಡುಗಿಯ ಆಯಿ, ಎಂದರೆ ಅಜ್ಜಿ, ತೀರಿಕೊಂಡು ಎರಡು ವರ್ಷ. ಗೋಡೆಗೆ ಹಾಕಲು ಫೋಟೋ ಹುಡುಕಿದರೆ ಒಂದೂ ಸಿಗಲಿಲ್ಲ. ಮೊಮ್ಮಕ್ಕಳು ಮೊಬೈಲಿನಲ್ಲಿ ತೆಗೆದದ್ದು ಬೇಕಾದಷ್ಟಿತ್ತು. ಆ ಮೊಬೈಲು ಬಾವಿಯ ಪಾಲಾಗಿತ್ತು. ಆಧಾರ್ ಕಾರ್ಡಿನಲ್ಲೊಂದು ಮುಖವಿತ್ತು, ಬೆಚ್ಚಿಬಿದ್ದವರ ಹಾಗೆ. ಕೊನೆಗೆ ಸೋದರತ್ತೆಯ 1989ರ ಮದುವೆ ಆಲ್ಬಮ್ಮಿನಲ್ಲಿ, ಗುಂಪಿನ ಹಿಂದಿನ ಸಾಲಿನಲ್ಲಿ, ಮದುಮಗನ ಬಾಸಿಂಗದ ಮರೆಗೆ ಆಯಿಯ ಅರ್ಧ ಮುಖ ಕಂಡಿತು. ಹಳೆಯ ಕಲರ್ ಪ್ರಿಂಟುಗಳ ಗುಣ ಗೊತ್ತಿರಬಹುದು: ಅವುಗಳಲ್ಲಿರುವ ಮೂರು ವರ್ಣದ್ರವ್ಯಗಳು ಒಂದೇ ವೇಗದಲ್ಲಿ ಮಾಸುವುದಿಲ್ಲ. ಆ ಕಾಲದ ಬಹಳಷ್ಟು ಪ್ರಿಂಟುಗಳಲ್ಲಿ ಹಸಿರುನೀಲಿ ಮೊದಲು ಅಳಿಯುತ್ತದೆ, ಉಳಿದದ್ದೆಲ್ಲ ಇಟ್ಟಿಗೆಗೆಂಪಾಗುತ್ತದೆ. ಅದಕ್ಕಿಂತ ಹಳೆಯ ಕಪ್ಪು ಬಿಳುಪು ಚಿತ್ರದಲ್ಲಿರುವುದು ಬಣ್ಣವಲ್ಲ, ಬೆಳ್ಳಿಯ ಕಣ. ಚೆನ್ನಾಗಿ ತೊಳೆದಿದ್ದರೆ ಅದು ಮಗನಿಗಿಂತ ಹೆಚ್ಚು ಕಾಲ ಬಾಳುತ್ತದೆ.

ಆ ಅರ್ಧ ಮುಖವನ್ನು ದೊಡ್ಡದು ಮಾಡಿಕೊಡಿ ಎಂದು ಅವರು ಅಂದು ಕಾಕಾನ ಬಳಿಗೇ ಬಂದಿದ್ದರು. ನೆಗೆಟಿವ್ ಸಿಕ್ಕಿದ್ದರೂ ಆಗುತ್ತಿದ್ದದ್ದು ಅಷ್ಟಕ್ಕಷ್ಟೇ. 35 ಮಿಲಿಮೀಟರ್ ಫಿಲ್ಮಿನ ಒಂದು ಚಿತ್ರದ ಅಗಲ 36 ಮಿಲಿಮೀಟರ್. ಅದರಲ್ಲಿ ಮೂವತ್ತು ಜನ ನಿಂತರೆ ಒಬ್ಬರ ಮುಖಕ್ಕೆ ಸಿಗುವುದು ಒಂದು ಮಿಲಿಮೀಟರು, ಸಾಸಿವೆ ಕಾಳಿನಷ್ಟು ಜಾಗ. ಎಷ್ಟೇ ಹಿಗ್ಗಿಸಿದರೂ ಕಾಳು ದೊಡ್ಡದಾಗುತ್ತದೆಯೇ ಹೊರತು, ಅಲ್ಲಿ ದಾಖಲಾಗದ ಹುಬ್ಬು, ಸುಕ್ಕು ಹುಟ್ಟಿಬರುವುದಿಲ್ಲ.

ಮನೆಯ ಹುಡುಗನೊಬ್ಬ ಆಗ ಇನ್ನೊಂದು ದಾರಿ ಹುಡುಕಿದ. ಆಧಾರದ ಚಿತ್ರ, ಆಲ್ಬಮ್ಮಿನ ಚಿತ್ರ ಎರಡನ್ನೂ ಮೊಬೈಲಿನ ಯಾವುದೋ ಆ್ಯಪಿಗೆ ಕೊಟ್ಟ. ಅರ್ಧ ನಿಮಿಷದಲ್ಲಿ ಮುಖ ತಯಾರು! ಕಣ್ಣು ಹೊಳೆಯುತ್ತಿತ್ತು, ಚರ್ಮ ನುಣುಪಾಗಿತ್ತು, ಹಲ್ಲು ಸಾಲಾಗಿತ್ತು. ಹುಡುಗಿ ಬಹಳ ಹೊತ್ತು ನೋಡಿ, “ಯಾರ್ದೋ ಆಯಿ ಇದು. ನಮ್ಮ ಆಯಿ ಅಲ್ಲ” ಎಂದಳಂತೆ. ಅವಳ ಮಾತು ಶಾಸ್ತ್ರಕ್ಕೂ ಸರಿಯಾಗಿಯೇ ಇತ್ತು. ಆ ಯಂತ್ರ ಆಯಿಯನ್ನು ನೋಡಿಲ್ಲ. ಲಕ್ಷಾಂತರ ಬೇರೆ ಮುಖಗಳನ್ನು ನೋಡಿ, ಖಾಲಿ ಜಾಗದಲ್ಲಿ ಸಾಮಾನ್ಯವಾಗಿ ಏನಿರುತ್ತದೋ ಅದನ್ನು ತುಂಬುತ್ತದೆ. ಪ್ರಯೋಗ ಮಾಡದೆ ಪಕ್ಕದವನ ರೀಡಿಂಗು ನೋಡಿ ಕೋಷ್ಟಕ ತುಂಬುವ ವಿದ್ಯಾರ್ಥಿಯ ಜಾಣತನ ಅದು. ಉತ್ತರ ಅಂದವಾಗಿರುತ್ತದೆ, ಅಳತೆ ಮಾತ್ರ ಆಗಿರುವುದಿಲ್ಲ.

ಒಂದು ವಿಷಯ ಇಲ್ಲಿ ನೆನಪಾಗುತ್ತದೆ. ಕಲಬುರಗಿ ಒಂದು ಕಾಲಕ್ಕೆ ನಿಜಾಮರ ರಾಜ್ಯದ ಊರು. ಆ ರಾಜ್ಯದ ದರ್ಬಾರಿನ ಛಾಯಾಗ್ರಾಹಕ ರಾಜಾ ದೀನ್ ದಯಾಳ್, 1892ರಷ್ಟು ಹಿಂದೆಯೇ ಪರದೆಯ ಹೆಂಗಸರ ಚಿತ್ರ ತೆಗೆಯಲೆಂದು ಬೇರೆ ಸ್ಟುಡಿಯೋ ತೆರೆದಿದ್ದರು. ಅಲ್ಲಿ ಕ್ಯಾಮೆರಾ ಹಿಡಿಯುತ್ತಿದ್ದವಳೂ ಹೆಂಗಸೇ. ಸರದಾರರ ಮನೆಯವರ ಮುಖಗಳು ಹಾಗೆ ಉಳಿದವು. ಅದಾಗಿ ನೂರಕ್ಕೂ ಹೆಚ್ಚು ವರ್ಷ ಕಳೆದರೂ, ಜೋಳ ಕೊಯ್ದು, ರೊಟ್ಟಿ ಬಡಿದು, ಆರು ಮಕ್ಕಳನ್ನು ಸಾಕಿದ ಹೆಣ್ಣುಮಗಳೊಬ್ಬಳ ಪಾಲಿಗೆ ಸಾಸಿವೆ ಕಾಳಿನಷ್ಟೂ ಜಾಗ ಉಳಿಯಲಿಲ್ಲ.

ಮುತ್ಯಾನದೂ ಹಾಗಾಗಬಾರದು ಎಂಬುದು ಮೊಮ್ಮಗಳ ಹಟ. ಆದರೆ ಮುತ್ಯಾ ಕ್ಯಾಮೆರಾ ಕಂಡರೆ ಎದ್ದು ಹೋಗುವ ಪೈಕಿ. “ಒಬ್ಬಂದೇ ಫೋಟೋ ತೆಗದ್ರ ಆಯುಷ್ಯ ಕಡಿಮಿ ಆಗ್ತದ” ಎಂಬ ಮಾತು ಬೇರೆ.

ಮುಹೂರ್ತ ಇದ್ದದ್ದು 12 ಗಂಟೆ 30 ನಿಮಿಷಕ್ಕೆ. ಇಡೀ ದಿನದಲ್ಲಿ ಫೋಟೋಗೆ ಇದಕ್ಕಿಂತ ಕೆಟ್ಟ ಹೊತ್ತು ಇನ್ನೊಂದಿಲ್ಲ! ನಮ್ಮ ಗಡಿಯಾರಗಳು ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಕಲಬುರಗಿ ಅದಕ್ಕೂ ಪಶ್ಚಿಮಕ್ಕಿರುವುದರಿಂದ ಇಲ್ಲಿ ಮೇ ತಿಂಗಳಲ್ಲಿ ನಿಜವಾದ ನಡುಹಗಲು 12 ಗಂಟೆ 20 ನಿಮಿಷದ ಸುಮಾರಿಗೆ. ಮೇ 9ರ ಆಸುಪಾಸಿನಲ್ಲಿ ಸೂರ್ಯ ಇಲ್ಲಿ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟ ಕೋಲಿನ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಮನುಷ್ಯನ ಮುಖದ ಮೇಲೆ ಈ ಬೆಳಕು ಬಿದ್ದರೆ ಹಣೆ, ಮೂಗು ಹೊಳೆದು ಕಣ್ಣಿನ ಗುಳಿ ಕಪ್ಪಗಾಗುತ್ತದೆ. ಮದುಮಗನಿಗೆ ಬಾಸಿಂಗ, ಮದುಮಗಳಿಗೆ ದಂಡಿ ಕಟ್ಟಿದ ಮೇಲಂತೂ ಮುತ್ತಿನ ಎಳೆಗಳ ನೆರಳು ಕೆನ್ನೆಯ ಮೇಲೆ ಗೆರೆ ಕೊರೆಯುತ್ತದೆ.

ಶಾಮಿಯಾನದ ಕೆಳಗೆ ನಿಲ್ಲಿಸಬಹುದಲ್ಲ ಎನ್ನಬಹುದು. ಕೆಂಪು ಬಟ್ಟೆಯ ಮೂಲಕ ಬರುವ ಬೆಳಕೂ ಕೆಂಪೇ. ಬೀಗರೆಲ್ಲ ಜ್ವರ ಬಂದವರ ಹಾಗೆ ಕಾಣುತ್ತಾರೆ. ಕಾಕಾ ಅದಕ್ಕೇ ಬೆಳಿಗ್ಗೆ ಏಳಕ್ಕೇ ಬಂದು, ಮದುಮಗಳ ಸೋದರಮಾವನನ್ನು ಕಾಡಿ ಬೇಡಿ ಶಾಮಿಯಾನದ ನಡುವೆ ಬಿಳಿ ಧೋತರ ಕಟ್ಟಿಸಿದ್ದರು. ಜತೆಗೆ ಪ್ರಥಮ ಪಿಯುಸಿ ಬರೆದು ರಜೆಯಲ್ಲಿ ಕೈಗೆಲಸಕ್ಕೆ ಸೇರಿದ ಹುಡುಗನೊಬ್ಬ. ಅವನ ಕೈಯಲ್ಲಿ ದೊಡ್ಡದೊಂದು ಥರ್ಮಾಕೋಲ್ ಹಲಗೆ: ಕೆಳಗಿನಿಂದ ಬೆಳಕನ್ನು ಮುಖಕ್ಕೆ ತಿರುಗಿಸಲು. ದೂರ ಎರಡು ಪಟ್ಟಾದರೆ ಫ್ಲ್ಯಾಶಿನ ಬೆಳಕು ನಾಲ್ಕನೆಯ ಒಂದು ಪಾಲಿಗಿಳಿಯುತ್ತದೆ ಎಂಬ ನಿಯಮ ಅವನಿಗೆ ಬಾಯಿಪಾಠವಿತ್ತು. ಹಿಂದಿನ ಸಾಲಿನವರು ಚಿತ್ರದಲ್ಲಿ ಕಪ್ಪಗೆ ಬಂದದ್ದು ನೋಡಿ, “ಇದೇ ಏನ್ರಿ ಕಾಕಾ ಅದು!” ಎಂದ. ಮದುವೆ ಮದುವೆ ತಿರುಗಿದರೆ ಮಗ ಸಿಇಟಿ ಪಾಸಾಗುವನೇ ಎಂದು ಅವನ ತಂದೆಗೆ ಚಿಂತೆ. ಭೌತಶಾಸ್ತ್ರದ ಮಟ್ಟಿಗಾದರೂ ಆ ಚಿಂತೆ ಬೇಡ.

ಗುಡಿಯ ಕಂಬಗಳ ಮಂಟಪದಲ್ಲಿ ಜೋಡಿ ನಮಸ್ಕಾರಕ್ಕೆ ಹೋದಾಗ ಕಾಕಾ ಹೊರಗೇ ನಿಂತರು. ಗರ್ಭಗುಡಿಯತ್ತ ಕ್ಯಾಮೆರಾ ತಿರುಗಿಸಬಾರದೆಂಬುದು ಅವರಿಗೆ ಅವರೇ ಹಾಕಿಕೊಂಡ ಕಟ್ಟಳೆ. ಯಾರು ಹೇಗೆ ಕೈಮುಗಿದರು ಎಂಬುದಕ್ಕೆಲ್ಲ ಸಾಕ್ಷಿ ಯಾಕೆ?

ಮುತ್ಯಾ ಮಾತ್ರ ಬಯಲಿನ ಅಂಚಿನ ಬೇವಿನ ಮರದ ಕೆಳಗೆ ಕುಳಿತಿದ್ದರು. ಪಟಕಾ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಿದ್ದರು. ಅವರ ಸುತ್ತ ನೆಲದ ಮೇಲೆ, ಅಂಗಿಯ ಮೇಲೆ ದುಂಡು ದುಂಡಾದ ಬೆಳಕಿನ ಬಿಲ್ಲೆಗಳು. ಎಲೆಗಳ ನಡುವಿನ ಸಂದು ಹೇಗೇ ಇರಲಿ, ಮೂರು ಮೂಲೆಯದಿರಲಿ, ಸೀಳಿನಂತಿರಲಿ, ಕೆಳಗೆ ಬೀಳುವ ಬೆಳಕು ದುಂಡಗೇ ಇರುತ್ತದೆ. ಅವು ಸಂದಿನ ಆಕಾರಗಳಲ್ಲ, ಸೂರ್ಯನ ಬಿಂಬಗಳು. ಪ್ರತಿ ಸಂದೂ ಒಂದು ಸೂಜಿರಂಧ್ರ ಕ್ಯಾಮೆರಾ. 1980ರ ಫೆಬ್ರುವರಿ 16ರಂದು ರಾಯಚೂರಿನ ಮೇಲೆ ಖಗ್ರಾಸ ಗ್ರಹಣ ಹಾದುಹೋದಾಗ ಈ ಕಡೆಯ ಮರಗಳ ಕೆಳಗೆ ಬಿಲ್ಲೆಗಳ ಬದಲು ಕುಡುಗೋಲುಗಳು ಬಿದ್ದಿರಬೇಕು. ಮನೆಯೊಳಗೆ ಬಾಗಿಲು ಹಾಕಿಕೊಂಡು ಕುಳಿತಿದ್ದವರಿಗೆ ಅವು ಕಂಡಿರಲಾರವು.

ಚಿತ್ರಕ್ಕೆ ಈ ಬಿಲ್ಲೆಗಳು ಶತ್ರು. ಮುಖದ ಮೇಲೊಂದು ಬಿದ್ದರೆ ಸುಣ್ಣ ಮೆತ್ತಿದ ಹಾಗೆ. ಮುತ್ಯಾನನ್ನು ಎರಡು ಮೊಳ ಸರಿಸಿದ್ದರೆ ಸಾಕಿತ್ತು, ಆದರೆ ಸರಿಸುವಂತಿಲ್ಲ. ಕಾಕಾ ಟೆಂಪೋದ ಮರೆಗೆ ನಿಂತು ಉದ್ದ ಲೆನ್ಸ್ ಹಾಕಿಕೊಂಡರು. ನೆರಳು ಸರಿಯಲು ಕಾಯಬೇಕು. ಹನ್ನೆರಡೂಕಾಲಾಯಿತು. ಅತ್ತ ಭಜಂತ್ರಿಯವರು ಸನಾದಿ ಎತ್ತಿದರು, ಅಕ್ಷತೆ ಹಂಚುತ್ತಿದ್ದರು. ತಾಳಿ ಕಟ್ಟುವ ಗಳಿಗೆ ತಪ್ಪಿದರೆ ಮತ್ತೊಮ್ಮೆ ಕಟ್ಟಿ ಎನ್ನಲಾಗುವುದಿಲ್ಲ. ಕಾಕಾ ಎರಡನೆಯ ಕ್ಯಾಮೆರಾವನ್ನು ಪಿಯುಸಿ ಹುಡುಗನ ಕೊರಳಿಗೆ ಹಾಕಿ, ಎಲ್ಲ ಅಳತೆ ಕೂರಿಸಿ, “ತಮ್ಮಾ, ಹೋಗಿ ನಿಂದ್ರು. ನಾ ಬರ್ತೀನಿ. ಬರದಿದ್ರ ನೀನೇ ಹೊಡಿ” ಎಂದರು. ಹುಡುಗನ ಮುಖ ಬಿಳಿಚಿತು. ದುಡಿದವರ ಮದುವೆ, ಕೈತಪ್ಪಿದರೆ ಯಾರು ಹೊಣೆ?

ಮುತ್ಯಾನ ಬಳಿಗೆ ಆಗ ಒಂದು ಸಣ್ಣ ಕೂಸು ಬಂತು, ಮುಷ್ಟಿಯಲ್ಲಿ ಅರಿಶಿಣದ ಜೋಳ ಹಿಡಿದು. ಅಕ್ಷತೆ ಎಲ್ಲಿ ಹಾಕಬೇಕೆಂದು ಅದಕ್ಕೆ ಗೊತ್ತಿರಲಿಲ್ಲ. ಮುತ್ಯಾನ ಬೋಳು ತಲೆಯ ಮೇಲೇ ಹಾಕಿಬಿಟ್ಟಿತು. ಮುತ್ಯಾ ಕೂಸಿನತ್ತ ಮುಖ ಎತ್ತಿದರು. ಎತ್ತಿದ್ದರಿಂದಲೇ ಕಣ್ಣಿನ ಗುಳಿಗೆ ಬೆಳಕು ಇಳಿಯಿತು. ನೆಲದ ಮೇಲೆ ಹಾಸಿದ್ದ ಬಿಳಿ ಟವೆಲ್ಲು ಗಲ್ಲದ ಕೆಳಗಿನ ಕತ್ತಲನ್ನು ತಿಳಿಯಾಗಿಸಿತು. ಥರ್ಮಾಕೋಲಿನ ಕೆಲಸ ಅದೇ ಮಾಡಿತು ಎನ್ನಿ. ಹೆಗಲ ಮೇಲೊಂದು ಬಿಲ್ಲೆ ಇತ್ತು, ಇರಲಿ. ಕಾಕಾ ಮೂರು ಸಲ ಒತ್ತಿ, ಶಾಮಿಯಾನದತ್ತ ಓಡಿದರು. ಅಕ್ಷತೆ ಆಗಲೇ ಗಾಳಿಯಲ್ಲಿತ್ತು. ಹುಡುಗ ತೆಗೆದ ಆರು ಚಿತ್ರಗಳಲ್ಲಿ ನಾಲ್ಕು ಅಲುಗಿದ್ದವು. ಉಳಿದೆರಡರಲ್ಲಿ ಜೋಳದ ಕಾಳುಗಳು ಹಳದಿ ಗೆರೆಗಳಾಗಿ ಬಂದಿದ್ದವು, ತಾಳಿ ಕಾಣುತ್ತಿತ್ತು, ಮದುಮಗಳು ನಗುತ್ತಿದ್ದಳು.

ಊಟಕ್ಕೆ ಗೋಧಿ ಹುಗ್ಗಿ. ಕೈತೊಳೆದ ಮೇಲೂ ಯಾರೂ ಏಳಲಿಲ್ಲ. ಬಿಸಿಲು ಇಳಿಯುವ ತನಕ ನೆರಳಲ್ಲೇ ಅಡ್ಡಾದರು. ಮಂಟಪದ ಮದುವೆಯಾಗಿದ್ದರೆ ಆ ಹೊತ್ತಿಗೆ ಮುಂದಿನ ಪಾಳಿಯವರು ಬಂದು ಕುರ್ಚಿ ಎಳೆಯುತ್ತಿದ್ದರು. ಕಾಕಾ ಇಲ್ಲಿ ಮುದುಕರನ್ನೆಲ್ಲ ಒಬ್ಬೊಬ್ಬರನ್ನಾಗಿ ತೆಗೆದರು, ಎಲೆಯಡಿಕೆ ಹಾಕುವಾಗ, ಜಗಳಾಡುವಾಗ, ಆಕಳಿಸುವಾಗ. ಈ ಚಿತ್ರಗಳಿಗೆ ಈಗ ಗಿರಾಕಿ ಇಲ್ಲವೆಂಬುದು ಅವರಿಗೆ ಗೊತ್ತು. ಐದೋ ಹತ್ತೋ ವರ್ಷಕ್ಕೆ ಯಾರೋ ಒಬ್ಬರು ಬಾಗಿಲಲ್ಲಿ ನಿಂತು, “ನಮ್ಮವ್ವಂದು ಏನರ ಅದ ಏನ್ರಿ?” ಎನ್ನುತ್ತಾರೆ. ಮನೆಗೆ ಹೋದ ರಾತ್ರಿಯೇ ಎಲ್ಲವನ್ನೂ ಎರಡು ಡಿಸ್ಕುಗಳಿಗೆ ಹಾಕಿ, ಒಂದನ್ನು ಮಗಳ ಮನೆಯಲ್ಲಿಡುವ ರೂಢಿ. ಬಾವಿಗೆ ಬಿದ್ದರೆ ಒಂದೇ ಬೀಳಲಿ.

ತಿಂಗಳಾದ ಮೇಲೆ ಆಲ್ಬಮ್ಮಿನೊಂದಿಗೆ ಮುತ್ಯಾನ ಚಿತ್ರವೂ ಚೌಕಟ್ಟು ಹಾಕಿಸಿಕೊಂಡು ಕಮಲಾಪುರದ ಕಡೆಗೆ ಹೋಯಿತು. ಮುತ್ಯಾ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು.

“ಇದ್ಯಾಕ ಇಷ್ಟು ದೊಡ್ಡದು ಮಾಡ್ಸೀರಿ? ನಾ ಇನ್ನಾ ಇದ್ದೀನಿ.”

ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಅಕಿಂದು ಹಿಂಗ ಒಂದೂ ಇಲ್ಲೇನು?” ಎಂದರು.

ಚೌಕಟ್ಟನ್ನು ಅವರೇ ಟವೆಲ್ಲಿನಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟರಂತೆ. ಗೋಡೆಗೆ ಸದ್ಯ ಮದುವೆಯ ಗುಂಪಿನ ಫೋಟೋ ಹಾಕಿದ್ದಾರೆ. ಅದರಲ್ಲಿ ಮುತ್ಯಾ ಎಡತುದಿಗೆ ನಿಂತು ಬೇರೆತ್ತಲೋ ನೋಡುತ್ತಿದ್ದಾರೆ.