ಡಾಕ್ಟ್ರ ಮುಂದೆ ನಮ್ಮ ಊಟ



ತೂಕ ಇಳಿಸೋ ಆಪರೇಷನ್ ಆಗಿ 2 ವರ್ಷದ ಮೇಲೆ ನನ್ನ ತಂಗಿ ಬಸುರಿ. ನಂಜನಗೂಡಲ್ಲಿ ನಮ್ಮವ್ವ, ತಿ.ನರಸೀಪುರದಲ್ಲಿ ಅವಳ ಅತ್ತೆ, ಇಬ್ಬರದೂ ಒಂದೇ ಮಾತು: 'ಇಬ್ಬರ ಊಟ ಉಣ್ಣವ್ವ'. ಹೊಟ್ಟೆ ಪುಟ್ಟದಾಗಿದೆ, ನಾಲ್ಕು ತುತ್ತಿಗೇ ತುಂಬುತ್ತೆ. ಹಾಗಾಗಿ ಮುದ್ದೆಗಿಂತ ಮೊದಲು ಪ್ರೋಟೀನ್, ದಿನಕ್ಕೆ ಕನಿಷ್ಠ 60 ಗ್ರಾಂ. ಕಬ್ಬಿಣ, ಬಿ12, ಫೋಲಿಕ್, ಕ್ಯಾಲ್ಸಿಯಂ ಮಾತ್ರೆ ತಪ್ಪಿಸಂಗಿಲ್ಲ.

ಆಸ್ಪತ್ರೆ ಚೀಟೀಲಿ ಬರೀ ಪನೀರ್, ಬಾದಾಮಿ. 'ಮನೇಲಿ ಏನ್ ತಿಂತೀರಾ?' ಅಂದ್ರೆ ತಂಗಿ ತಲೆ ತಗ್ಗಿಸಿದ್ಳು. 2020ರ ಕಾಯ್ದೆ ಬಂದ್ಮೇಲೆ ಬಾಡಿನ ಹೆಸರೆತ್ತೋಕೂ ಅಂಜಿಕೆ. ನಾನೇ ಹೇಳ್ದೆ: ಮೊಟ್ಟೆ, ಮೀನು, ಹುರುಳಿ, ಎಮ್ಮೆ ಬಾಡು. ಡಾಕ್ಟ್ರಮ್ಮ ಬರ್ಕೊಂಡ್ರು: 'ಚೆನ್ನಾಗಿ ಬೇಯಿಸಿ, ಸ್ವಲ್ಪ ಸ್ವಲ್ಪ ತಿನ್ಲಿ'.

ಅಕ್ಕತಂಗೀರೇ, ಅಂಗನವಾಡಿಯ ಮಾತೃಪೂರ್ಣ ಮೊಟ್ಟೆ ಬಿಡಬೇಡಿ. ಡಾಕ್ಟ್ರ ಹತ್ರ ನಮ್ಮ ಊಟ ಮುಚ್ಚಿಡಬೇಡಿ. ಮುಚ್ಚಿಟ್ಟರೆ ಕಮ್ಮಿಯಾಗೋದು ತಾಯಿ ಮಗುವಿನ ರಕ್ತ.