‘ನಾಗಮಂಡಲ’ದ ಬೆನ್ನು ಹತ್ತಿ ನಾಲ್ಕು ಊರು

ದೆವ್ವದ ಪಿಕ್ಚರ್ ಅಂದ ಕೂಡಲೇ ನಿಮ್ಮ ಕಣ್ಣೆದುರು ಏನು ಬರುತ್ತೆ ಹೇಳಿ? ಬಿಳಿ ಸೀರೆ, ಬಿಚ್ಚಿದ ಕೂದಲು, ಕಾಲ್ಗೆಜ್ಜೆಯ ಸದ್ದು, ದೂರದಲ್ಲೆಲ್ಲೋ ಊಳಿಡುವ ನಾಯಿ... 1979ರಲ್ಲಿ ‘ನಾ ನಿನ್ನ ಬಿಡಲಾರೆ’ ತೆರೆಗೆ ಬಂದಾಗ ಎಷ್ಟು ಮಂದಿ ಗಂಡೆದೆಯವರು ರಾತ್ರಿ ಹಿತ್ತಲಿಗೆ ಹೋಗಲು ಜೊತೆ ಹುಡುಕಿದರೋ! ಅನಂತನಾಗ್ ಮೈಮೇಲೆ ಬಂದ ಆ ಕಾಮಿನಿ, ಸತ್ತ ಮೇಲೂ ತಾನು ಪ್ರೀತಿಸಿದವನನ್ನು ಬಿಟ್ಟುಕೊಡಲಿಲ್ಲ.

ಆದರೆ ಚಿತ್ರರಸಿಕ ಮಿತ್ರರೇ, ಕನ್ನಡದಲ್ಲಿ ಇನ್ನೊಂದು ಚಿತ್ರವಿದೆ. ಅಲ್ಲಿಯೂ ಪ್ರೀತಿಸುವವನು ಮನುಷ್ಯನಲ್ಲ. ಆದರೆ ಅದನ್ನು ನೋಡಿ ಯಾರೂ ಹೆದರುವುದಿಲ್ಲ, ಗಂಟಲು ಕಟ್ಟಿಕೊಂಡು ಎದ್ದು ಬರುತ್ತಾರೆ. ಅದು ಟಿ.ಎಸ್. ನಾಗಾಭರಣ ನಿರ್ದೇಶಿಸಿದ, 1997ರ ‘ನಾಗಮಂಡಲ’.

ಕಥೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. ರಾಣಿ ಹೊಸ ಮದುವಣಗಿತ್ತಿ. ಗಂಡ ಅಪ್ಪಣ್ಣ ಮಧ್ಯಾಹ್ನ ಬರುತ್ತಾನೆ, ಉಣ್ಣುತ್ತಾನೆ, ಹೊರಗಿನಿಂದ ಬೀಗ ಜಡಿದು ಇಟ್ಟುಕೊಂಡವಳ ಮನೆಗೆ ನಡೆಯುತ್ತಾನೆ. ಗಂಡ ಒಲಿಯಲಿ ಅಂತ ಕುರುಡವ್ವ ಒಂದು ಬೇರು ಕೊಟ್ಟಳು. ಅದನ್ನು ಹಾಕಿದ ಸಾರು ನೆತ್ತರಿನ ಹಾಗೆ ಕೆಂಪಾಯಿತು. ರಾಣಿ ಬೆದರಿ ಹುತ್ತಕ್ಕೆ ಸುರಿದಳು. ಹುತ್ತದ ನಾಗ ಅವಳಿಗೆ ಮರುಳಾಗಿ, ಇರುಳಾದರೆ ಅಪ್ಪಣ್ಣನ ರೂಪದಲ್ಲೇ ಬರತೊಡಗಿತು!

ಗಿರೀಶ ಕಾರ್ನಾಡರು ಈ ನಾಟಕ ಬರೆದದ್ದು ಅಮೆರಿಕದ ಚಿಕಾಗೋದಲ್ಲಿ; ಪ್ರಕಟವಾದದ್ದು 1988ರಲ್ಲಿ. ಕಥೆ ಹೇಳಿದವರು ಎ.ಕೆ. ರಾಮಾನುಜನ್. ಆದರೆ ಅದರ ಮೂಲ ಇರುವುದು ನಮ್ಮ ಹೆಂಗಸರ ಬಾಯಲ್ಲಿ. ಮಕ್ಕಳಿಗೆ ಕೈತುತ್ತು ಹಾಕುತ್ತ ಅಜ್ಜಿಯರು ಹೇಳುವ ಕಥೆ ಅದು. ಚಿತ್ರದ ಮಾತಿನ ಧಾಟಿಯಂತೂ ಧಾರವಾಡದ ಕಡೆಯದು. ಶೂಟಿಂಗ್ ನಡೆದ ಜಾಗ ಹುಡುಕಿಕೊಂಡು ನಾನು ಹೊರಟವನಲ್ಲ. ರಾಣಿಯ ಒಂಟಿತನ ಈ ಕಡೆಯ ಮಣ್ಣಿನಲ್ಲಿ ಎಲ್ಲೆಲ್ಲಿ ಸಿಗುತ್ತೆ ನೋಡೋಣ ಅಂತ ಕೆಂಪು ಬಸ್ ಹತ್ತಿದೆ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು. ಚಿತ್ರ ಬಂದ ವರ್ಷವೇ, ಅಂದರೆ 1997ರ ಆಗಸ್ಟಿನಲ್ಲಿ, ಈ ನಾಲ್ಕೂ ತಾಲೂಕು ಧಾರವಾಡ ಜಿಲ್ಲೆಯಿಂದ ಬಿಟ್ಟು ಹೊಸ ಹಾವೇರಿ ಜಿಲ್ಲೆಗೆ ಸೇರಿದವು.

ಹಾನಗಲ್ಲು: ಕಲ್ಲಿನಲ್ಲಿ ಬರೆದ ಕ್ಲೈಮ್ಯಾಕ್ಸ್

ಹಾನಗಲ್ಲು ಅರೆಮಲೆನಾಡು. ಕಾರ್ನಾಡರು ಹುಡುಗರಾಗಿ ಬೆಳೆದ ಶಿರಸಿ ಇಲ್ಲಿಂದ ದೂರವಿಲ್ಲ. ಪಾಂಡವರು ಅಜ್ಞಾತವಾಸದಲ್ಲಿದ್ದ ವಿರಾಟನಗರ ಇದೇ ಅಂತ ಊರಿನವರ ನಂಬಿಕೆ. ಇತಿಹಾಸದಲ್ಲಿ ಇದು ಹಾನಗಲ್ಲ ಕದಂಬರ ರಾಜಧಾನಿ. ಗಂಗೂಬಾಯಿಯವರ ಹೆಸರಿನ ಹಿಂದೆ ಜಗತ್ತೆಲ್ಲ ಸುತ್ತಿದ್ದು ಈ ಊರೇ.

ತಾರಕೇಶ್ವರ ಗುಡಿಯ ಒಳಗೆ ತಲೆ ಎತ್ತಿ ನೋಡಿ. ದೊಡ್ಡದೊಂದು ಕಲ್ಲಿನ ತಾವರೆ ಚಾವಣಿಯಿಂದ ಕೆಳಗೆ ಇಳಿಬಿದ್ದಿದೆ. ಕಂಬ, ಗೋಡೆ ಎಲ್ಲೆಡೆ ಕೆತ್ತನೆ. ‘ನಾಗಮಂಡಲ’ದಲ್ಲಿ ರಾಣಿ ಮಾತಾಡಲು ಬೇರೆ ಯಾರೂ ಇಲ್ಲದೆ ಕಂಬದ ಮೇಲಿನ ಗೊಂಬೆಯ ಜೊತೆ ಹಾಡುತ್ತಾಳಲ್ಲ, ಸಿ. ಅಶ್ವಥ್ ಸಂಗೀತದ ಆ ಹಾಡು ಇಲ್ಲಿ ನಿಂತಾಗ ತಾನಾಗಿಯೇ ಕಿವಿಗೆ ಬಂತು.

ಗುಡಿಯ ಆವರಣದಲ್ಲಿ ವೀರಗಲ್ಲುಗಳಿವೆ. ವೀರಗಲ್ಲು ಓದುವುದು ಸಿನಿಮಾ ನೋಡಿದ ಹಾಗೆಯೇ, ಆದರೆ ಕೆಳಗಿನಿಂದ ಮೇಲಕ್ಕೆ. ಕೆಳಗಿನ ಪಟ್ಟಿಕೆಯಲ್ಲಿ ಫೈಟಿಂಗು, ವೀರ ಬೀಳುತ್ತಾನೆ. ನಡುವೆ ಅಪ್ಸರೆಯರು ಅವನ ತೋಳು ಹಿಡಿದು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಕೈಲಾಸ. ಊರಿನ ಮುದುಕಿಯೊಬ್ಬಳು ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತಿದ್ದಳು. ‘ಅಂವಗೇನ್ರೀ, ಮ್ಯಾಲ ರಂಭಿ ಸಿಕ್ಕಳು. ಮನ್ಯಾಗ ಕುಂತಾಕಿಗೆ ಏನ್ ಸಿಕ್ತು?’ ಅಂದಳು. ನಾನು ತೆಪ್ಪಗಾದೆ. ಮನೆಯಲ್ಲಿ ಕುಳಿತವಳಿಗೆ ಸಿಕ್ಕಿದ್ದೂ ಈ ನಾಡಿನಲ್ಲಿ ಕಲ್ಲೇ. ಬಳೆ ತೊಟ್ಟ ಕೈಯೊಂದು ಮೇಲೆದ್ದಿರುವ ಮಾಸ್ತಿಕಲ್ಲು.

ಶಿಗ್ಗಾಂವಿ: ಕನಸಿನ ಗೆಣೆಯ, ಕಳೆದುಹೋದ ಮಡದಿ

ಶಿಗ್ಗಾಂವಿ ತಾಲೂಕಿನ ಬಾಡ ಕನಕದಾಸರ ಹುಟ್ಟೂರು. 1960ರ ‘ಭಕ್ತ ಕನಕದಾಸ’ದಲ್ಲಿ ಅಣ್ಣಾವ್ರನ್ನು ನೋಡಿದವರಿಗೆ ಆ ಮುಖವೇ ಕನಕನ ಮುಖ. ಈ ದಾಸರು ಬರೆದ ‘ಮೋಹನತರಂಗಿಣಿ’ಯಲ್ಲಿ ಎಂಥ ಲವ್ ಸ್ಟೋರಿ ಇದೆ ಗೊತ್ತೇನು? ಉಷೆ ಕನಸಿನಲ್ಲಿ ಒಬ್ಬ ಹುಡುಗನನ್ನು ಕಂಡು ಎದ್ದ ಮೇಲೆ ಅವನಿಗಾಗಿ ಕೊರಗುತ್ತಾಳೆ. ಗೆಳತಿ ಚಿತ್ರಲೇಖೆ ಮುಖದ ಚಿತ್ರ ಬರೆದು ಗುರುತು ಹಿಡಿಸಿ, ಮಲಗಿದ್ದ ಅನಿರುದ್ಧನನ್ನು ಮಾಯೆಯಿಂದ ಎತ್ತಿಕೊಂಡೇ ಬರುತ್ತಾಳೆ! ಮುಚ್ಚಿದ ಬಾಗಿಲೊಳಗೆ ಇರುಳಿನಲ್ಲಿ ಬಂದ ಇನಿಯ ಅಂದರೆ ಇವನೇ. ನಾಗಪ್ಪನಿಗಿಂತ ಹಿರಿಯ.

ಅಲ್ಲಿಂದ ಶಿಶುನಾಳ. ಶರೀಫರು ಹುಟ್ಟಿದ್ದು 1819, ತೀರಿಕೊಂಡದ್ದು 1889. ಮಡದಿಯನ್ನೂ ಮಗಳನ್ನೂ ಕಳೆದುಕೊಂಡು ಮನೆ ಬರಿದಾಯಿತು. ಆಮೇಲೆ ಊರೂರೇ ಅವರ ಮನೆ, ಪದಗಳೇ ಸಂಸಾರ. 1990ರಲ್ಲಿ ‘ಸಂತ ಶಿಶುನಾಳ ಶರೀಫ’ ಮಾಡಿದವರೂ ಇದೇ ನಾಗಾಭರಣ, ಸಂಗೀತ ಅದೇ ಅಶ್ವಥ್. ಶರೀಫರಾಗಿ ಶ್ರೀಧರ್, ಗುರು ಗೋವಿಂದಭಟ್ಟರಾಗಿ ಸ್ವತಃ ಕಾರ್ನಾಡ್. ರಾಷ್ಟ್ರೀಯ ಭಾವೈಕ್ಯದ ನರ್ಗೀಸ್ ದತ್ ಪ್ರಶಸ್ತಿ ಬಂತು. ‘ನಾಗಮಂಡಲ’ ಮಾಡುವ ಏಳು ವರ್ಷ ಮೊದಲೇ ಈ ಮೂವರು ಈ ಮಣ್ಣಿನ ದುಃಖವನ್ನು ಕೈಯಲ್ಲಿ ಹಿಡಿದು ನೋಡಿದ್ದರು ಅಂತ ನನಗನ್ನಿಸುತ್ತೆ. ಗದ್ದುಗೆಗೆ ಹಿಂದೂಗಳೂ ಬರುತ್ತಾರೆ, ಮುಸಲ್ಮಾನರೂ ಬರುತ್ತಾರೆ. ದುಃಖಕ್ಕೆ ಯಾವ ಜಾತಿ?

ಸವಣೂರು: ಮೂರು ಮುದುಕರು

ಸವಣೂರಿನಲ್ಲಿ ಇಳಿದರೆ ಖಾರ ಕಟ್ಟಿಸಿಕೊಳ್ಳಿ, ಎಲೆ ಹಾಕಿಕೊಳ್ಳಿ. ನವಾಬರ ಊರು, ವಿ.ಕೃ. ಗೋಕಾಕರು 1909ರಲ್ಲಿ ಹುಟ್ಟಿದ ಊರು. ಅವರ ವರದಿಗಾಗಿ 1982ರಲ್ಲಿ ರಾಜ್‌ಕುಮಾರ್ ಬೀದಿಗಿಳಿದದ್ದನ್ನು ನಿಮಗೆ ನಾನು ಹೇಳಬೇಕೆ!

ನಾನು ಹೋದದ್ದು ದೊಡ್ಡಹುಣಸೆ ಮಠಕ್ಕೆ. ಆಫ್ರಿಕಾ ಮೂಲದ ಮೂರು ಭಾರೀ ಮರಗಳು, ನಾಲ್ಕಾರು ಮಂದಿ ಕೈಕೈ ಹಿಡಿದರೂ ಬುಡ ತಬ್ಬಲಾಗದು. ಯಾರು ತಂದರೋ, ಯಾವಾಗ ನೆಟ್ಟರೋ, ಕಡಲಾಚೆಯಿಂದ ಬಂದು ಒಂದಕ್ಕೊಂದು ಜೊತೆಯಾಗಿ ನಿಂತಿದ್ದವು. 2023ರ ಮಳೆಗಾಲದಲ್ಲಿ ಒಂದು ಬುಡ ಸಮೇತ ಉರುಳಿತು. ಹಾಗೇ ಬಿಡಲು ಮನಸ್ಸು ಬರದೆ ಮತ್ತೆ ಎತ್ತಿ ನೆಟ್ಟರು. ಬಿದ್ದದ್ದು ಮರ, ಆದರೆ ಮನೆಯ ಹಿರಿಯನ ಸುದ್ದಿ ಬಂದ ಹಾಗಾಗಿರಬೇಕು ಊರಿಗೆ.

ಹಿರೇಕೆರೂರು: ಕೆರೆ ಕೇಳಿದ ಪ್ರಶ್ನೆ

ಹಾವೇರಿಗೆ ಬಂದು ಬಸ್ ಬದಲಿಸಿ ಹಿರೇಕೆರೂರಿಗೆ ಹೋದೆ. ಅಲ್ಲಿಂದ ಮಾಸೂರಿನ ಹಾದಿ ಹಿಡಿದರೆ, ಕುಮುದ್ವತಿಗೆ ಅಡ್ಡ ಕಟ್ಟಿದ ಮದಗದ ಕೆರೆ. ವಿಜಯನಗರದ ಕಾಲದ್ದು. ಕೆಂಚಮ್ಮ ಅನ್ನುವ ಹೆಣ್ಣುಮಗಳ ಹೆಸರು ಅದಕ್ಕೆ ಅಂಟಿಕೊಂಡಿದೆ; ಕೆರೆಗೆ ಆಹುತಿಯಾದಳು ಅಂತ ಜನ ಹೇಳುತ್ತಾರೆ.

ಏರಿಯ ಮೇಲೆ ನಿಂತರೆ ‘ಕೆರೆಗೆ ಹಾರ’ದ ಭಾಗೀರಥಿ ನೆನಪಾಗದೆ ಇರುತ್ತಾಳೆಯೇ? ನೀರು ಬರಲೆಂದು ಮಾವ ಕಿರಿಸೊಸೆಯನ್ನು ಬಲಿ ಕೊಟ್ಟ. ದಂಡಿಗೆ ಹೋಗಿದ್ದ ಗಂಡ ಕೆಟ್ಟ ಕನಸು ಕಂಡು ಓಡಿ ಬಂದ, ಮನೆಮನೆ ಕೇಳಿದ, ನಿಜ ತಿಳಿದು ಅದೇ ಕೆರೆಗೆ ಹಾರಿದ. ಇಲ್ಲಿ ಪ್ರೀತಿಸುವ ಗಂಡನಿದ್ದ, ಆದರೆ ಬೇಕಾದ ಹೊತ್ತಿನಲ್ಲಿ ಮನೆಯಲ್ಲಿರಲಿಲ್ಲ. ಅಪ್ಪಣ್ಣ ಮನೆಗೆ ಬರುತ್ತಿದ್ದ, ಆದರೆ ಪ್ರೀತಿ ತರಲಿಲ್ಲ. ಎರಡು ಕಥೆಯಲ್ಲೂ ಒಳಗೆ ಉಳಿದವಳು ಹೆಣ್ಣು.

ಈಗ ಹೇಳಿ, ಪ್ರಕಾಶ್ ರೈ ಅವರ ಪಾತ್ರ ಯಾವುದು? ಅಪ್ಪಣ್ಣನೂ ಅವರೇ, ನಾಗನೂ ಅವರೇ. ‘ಡಬಲ್ ಆ್ಯಕ್ಟಿಂಗ್’ ಅಂತ ಶಿಳ್ಳೆ ಹೊಡೆದು ಬಿಟ್ಟುಬಿಡುವ ವಿಷಯವಲ್ಲ ಇದು. ಮಂತ್ರ ಗೊತ್ತಿದ್ದ ನಾಗ ರಾಜಕುಮಾರನಾಗಿ ಬರಬಹುದಿತ್ತು. ಬರಲಿಲ್ಲ. ರಾಣಿಗೆ ಬೇಕಾದದ್ದು ಗಂಡನದೇ ಮುಖ. ಆ ಮುಖ ಒಮ್ಮೆ ನಗಬೇಕಿತ್ತು, ‘ಉಂಡೆಯಾ’ ಅಂತ ಕೇಳಬೇಕಿತ್ತು, ಅಷ್ಟೇ. ಹಗಲಿನ ಗಂಡ ಕೊಡದ ಅಷ್ಟನ್ನು ಇರುಳಿನ ಹಾವು ಕೊಟ್ಟಿತು. ವಿಜಯಲಕ್ಷ್ಮಿ ಮೊದಲ ಚಿತ್ರಗಳಲ್ಲೇ ಆ ರಾಣಿಯ ಬೆರಗನ್ನು ಕಣ್ಣಲ್ಲಿ ತುಂಬಿಕೊಂಡು ಗೆದ್ದರು.

ನಾಟಕದ ಕೊನೆಯನ್ನು ಓದಿ ನೋಡಿ. ರಾಣಿ ಗಂಡನ ಜೊತೆ ಮಲಗಿದ್ದನ್ನು ಕಂಡ ನಾಗ ಅವಳ ಕೂದಲಿನಲ್ಲೇ ಉರುಳು ಬಿಗಿದುಕೊಂಡು ಸಾಯುತ್ತದೆ. ಹೆರಳಿನಿಂದ ಹಾವು ಬಿದ್ದಾಗ ರಾಣಿಗೆ ಎಲ್ಲ ತಿಳಿಯುತ್ತದೆ. ಅಳುವ ಹಾಗಿಲ್ಲ. ಹಾವಿಗೆ ವಿಧಿಪೂರ್ವಕ ಸಂಸ್ಕಾರವಾಗಲಿ, ನಮ್ಮ ಮಗನೇ ಕೊಳ್ಳಿ ಇಡಲಿ, ವರ್ಷವರ್ಷವೂ ಕ್ರಿಯೆ ಮಾಡಲಿ ಅಂತ ಗಂಡನನ್ನೇ ಕೇಳಿ ಒಪ್ಪಿಸುತ್ತಾಳೆ. ತಂದೆಗೆ ಮಗ ಮಾಡುವ ಕರ್ಮ! ಇನ್ನೊಂದು ಕಡೆ ಕಣ್ಣಿಲ್ಲದ ಕುರುಡವ್ವ, ಮಾಯದ ಹೆಣ್ಣಿನ ಹಿಂದೆ ಹೋದ ಮಗ ಕಪ್ಪಣ್ಣನನ್ನು ಕೂಗುತ್ತ ಅಲೆಯುತ್ತಾಳೆ. ಚಿತ್ರದಲ್ಲಿ ಬಿ. ಜಯಶ್ರೀ, ಮಂಡ್ಯ ರಮೇಶ್ ಈ ತಾಯಿಮಗ.

ಈ ನಾಲ್ಕು ತಾಲೂಕಿನಲ್ಲೂ ಶ್ರಾವಣ ಬಂದರೆ ನಾಗರ ಪಂಚಮಿ ದೊಡ್ಡ ಹಬ್ಬ. ಜೋಕಾಲಿ ಕಟ್ಟುತ್ತಾರೆ, ಉಂಡಿ ಕಟ್ಟುತ್ತಾರೆ, ಕೊಟ್ಟ ಹೆಣ್ಣುಮಕ್ಕಳನ್ನು ಅಣ್ಣತಮ್ಮಂದಿರು ತವರಿಗೆ ಕರೆತರುತ್ತಾರೆ. ಹುತ್ತಕ್ಕೆ ಹಾಲೆರೆಯುವಾಗ ಯಾವ ಹೆಂಗಸು ಏನು ಬೇಡಿಕೊಂಡಳು ಅಂತ ಗಂಡಸರು ಕೇಳುವ ಪದ್ಧತಿಯಿಲ್ಲ. ಕೇಳಿ ನೋಡಿ, ಗೆಳೆಯರೇ. ಮದುವೆಯಾದವರು ಮಡದಿಯನ್ನು, ಆಗದವರು ಅಕ್ಕನನ್ನು, ಅವ್ವನನ್ನು. ಅವರ ಮಾತು ಕೇಳಲು ಹುತ್ತದಿಂದ ಯಾರೂ ಎದ್ದು ಬರುವ ಹಾಗಾಗದಿರಲಿ.