ಹೆಬ್ಬಗೋಡಿಯ ಪುಕ್ಸಟ್ಟೆ ಪುರಾಣ

ಪುಕ್ಸಟ್ಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೂ ಒಂದಿರಲಿ ಎಂದು ಗಾದೆ ಕಟ್ಟಿದ ಪುಣ್ಯಾತ್ಮನ ಕಾಲದಲ್ಲಿ ಆ್ಯಪುಗಳಿರಲಿಲ್ಲ. ಇದ್ದಿದ್ದರೆ ಅಜ್ಜ ಮುತ್ತಜ್ಜಂದಿರನ್ನೂ ಪಟ್ಟಿಗೆ ಸೇರಿಸುತ್ತಿದ್ದ. ನಮ್ಮ ಮನೆಯ ಟ್ಯಾಬಿನಲ್ಲಿ ಚಿತ್ರ ಬಿಡಿಸುವ ಆ್ಯಪುಗಳೇ ಒಂದು ಪರದೆ ತುಂಬ ಇವೆ. ಬಿಡಿಸಿದ ಚಿತ್ರಗಳನ್ನು ಮಾತ್ರ ಕೇಳಬೇಡಿ.

ಹೆಬ್ಬಗೋಡಿಯಲ್ಲಿ ಕೂತು ಕಲೆಯ ಮಾತಾಡಿದರೆ ಮೂಗು ಮುರಿಯುವವರಿದ್ದಾರೆ. ಆ ಕಡೆ ಬೊಮ್ಮಸಂದ್ರದ ಕಾರ್ಖಾನೆಗಳು, ಈ ಕಡೆ ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳು, ನಡುವೆ ಹೊಸೂರು ರಸ್ತೆಯ ಲಾರಿಗಳು. ಇಲ್ಲಿ ಕಲೆ ಎಲ್ಲಿಂದ ಬರಬೇಕು ಎನ್ನುತ್ತಾರೆ. ಬರುತ್ತದೆ ಸ್ವಾಮಿ, ಸೆಕೆಂಡ್ ಶಿಫ್ಟ್ ಮುಗಿಸಿಕೊಂಡು ಬರುತ್ತದೆ. ಪಿಜಿಯ ಮಂಚದ ಮೇಲೆ ಅಂಗಾತ ಮಲಗಿ ರಾಗ ಕಟ್ಟುವ ಹುಡುಗರಿದ್ದಾರೆ, ಮಕ್ಕಳನ್ನು ಮಲಗಿಸಿ ಬಣ್ಣ ಹಚ್ಚುವ ತಾಯಂದಿರಿದ್ದಾರೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೊ ಶುರುವಾದ ಮೇಲೆ ಬಯೋಕಾನ್ ಹೆಬ್ಬಗೋಡಿ ಸ್ಟೇಷನ್ನಿನಲ್ಲಿ ಹತ್ತಿ, ಸೀಟು ಸಿಕ್ಕರೆ ಟ್ಯಾಬು ತೆಗೆಯುವವರೂ ಕಾಣಿಸುತ್ತಾರೆ. ಬಸ್ಸಿನಲ್ಲಿ ಬರೆದರೆ ಎಲ್ಲ ಮುಖಕ್ಕೂ ಎರಡೆರಡು ಮೂಗು ಬರುತ್ತಿತ್ತು. ಮೆಟ್ರೊದಲ್ಲಿ ಒಂದೂವರೆಗೆ ಇಳಿದಿದೆ.

ಅಂದ ಹಾಗೆ, ಕೈಯಲ್ಲಿ ಹಿಡಿದು ಕಡ್ಡಿಯಿಂದ ಗೀಚುವ ಕಂಪ್ಯೂಟರು ಬೆಂಗಳೂರಿಗೆ ಹೊಸದೇನಲ್ಲ. ಐಪ್ಯಾಡ್ ಹುಟ್ಟಿದ್ದು 2010ರಲ್ಲಿ. ಅದಕ್ಕೂ ಮೊದಲೇ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್ ಮೊದಲಾದವರು ಎನ್ಕೋರ್ ಕಂಪನಿಯವರೊಡನೆ ಸೇರಿ ಸಿಂಪ್ಯೂಟರ್ ಎಂಬುದನ್ನು ರೂಪಿಸಿದ್ದರು. 2004ರಲ್ಲಿ ನಮ್ಮ ಬಿಇಎಲ್ ಅದನ್ನು ತಯಾರಿಸಿ ‘ಅಮಿಡಾ’ ಹೆಸರಿನಲ್ಲಿ ಮಾರುಕಟ್ಟೆಗೂ ಬಿಟ್ಟಿತು. ಬಡವರ ಕಂಪ್ಯೂಟರೆಂದು ಪತ್ರಿಕೆಗಳೆಲ್ಲ ಹಾಡಿ ಹೊಗಳಿದವು. ಕೊಂಡವರು ಕಡಿಮೆ. ಹೊಗಳಿಕೆ ಪುಕ್ಸಟ್ಟೆ, ಯಂತ್ರಕ್ಕೆ ದುಡ್ಡು ಕೊಡಬೇಕಿತ್ತಲ್ಲ!

ಇರಲಿ, ಆ್ಯಪಿನ ಮಾತಿಗೆ ಬರೋಣ. ಕಲಾವಿದರು ಕಣ್ಣಿಗೊತ್ತಿಕೊಳ್ಳುವ ಪ್ರೊಕ್ರಿಯೇಟ್ ಐಪ್ಯಾಡಿಗೆ ಮೀಸಲು, ಮೇಲಾಗಿ ಕಾಸು ಬಿಚ್ಚಬೇಕು. ಹಾಗಾಗಿ ಈ ಪುರಾಣದಲ್ಲಿ ಅದಕ್ಕೆ ಜಾಗವಿಲ್ಲ. ನನ್ನ ಅಕ್ಕನ ಮಗಳು ಬಂದಾಗಲೆಲ್ಲ ಮೊದಲು ತೆರೆಯುವುದು ಸ್ಕೆಚ್‌ಬುಕ್. ಆಟೋಡೆಸ್ಕ್ ಕಂಪನಿ 2018ರಲ್ಲಿ ಇದನ್ನು ಎಲ್ಲರಿಗೂ ಬಿಟ್ಟಿ ಮಾಡಿತು, 2021ರಲ್ಲಿ ಸ್ಕೆಚ್‌ಬುಕ್ ಬೇರೆ ಮನೆ ಮಾಡಿಕೊಂಡಿತು. ಈಗ ಕೆಲವು ಒಡವೆಗಳಿಗೆ ದುಡ್ಡು ಕೇಳಿದರೂ ದಿನದ ಕೆಲಸಕ್ಕೆ ಬೇಕಾದ ಬ್ರಷ್ಷು, ಪದರಗಳು ಪುಕ್ಸಟ್ಟೆಯೇ. ತೆರೆದ ತಕ್ಷಣ ಬಿಳಿ ಹಾಳೆ, ಸುತ್ತ ಗಲಾಟೆಯಿಲ್ಲ.

ಹುಸ್ಕೂರು ಮದ್ದೂರಮ್ಮನ ಜಾತ್ರೆ ನೋಡಿಕೊಂಡು ಬಂದವಳೇ ಹುಡುಗಿ ತೇರು ಬರೆಯಲು ಕೂತಳು. ಸುತ್ತಲ ಹಳ್ಳಿಗಳಿಂದ ಎತ್ತು, ಟ್ರ್ಯಾಕ್ಟರು ಕಟ್ಟಿ ಎಳೆದು ತರುವ, ನೂರಡಿಯನ್ನೂ ಮೀರುವ ತೇರುಗಳು ಅವು. ಸಮ್ಮಿತಿಯ ಗುಂಡಿ ಒತ್ತಿದಳು. ಎಡಗಡೆ ಒಂದು ಅಂತಸ್ತು ಗೀಚಿದರೆ ಬಲಗಡೆಯದು ತಾನೇ ಮೂಡುತ್ತದೆ. ಅರ್ಧ ತೇರು ಬರೆದು ಪೂರ್ತಿ ತೇರು ನಿಲ್ಲಿಸಿದಳು. ನಾನು ಭೇಷ್ ಅನ್ನುವಷ್ಟರಲ್ಲಿ ಗುಂಡಿಯನ್ನು ಆರಿಸಿ, ನಾಲ್ಕು ದಿಕ್ಕಿನ ಹಗ್ಗಗಳನ್ನು ಒಂದೊಂದಾಗಿ ಎಳೆಯತೊಡಗಿದಳು.

“ಹಗ್ಗಾನೂ ಹಾಗೇ ಬರೀಬಹುದಿತ್ತಲ್ಲೇ?” ಎಂದೆ.

“ಮಾಮ, ಎರಡೂ ಕಡೆಯೋರು ಒಂದೇ ಸಮ ಎಳೀತಾರಾ?”

ಚಿತ್ರಕಲೆಯ ಪುಸ್ತಕಗಳು ಇಷ್ಟು ಚೊಕ್ಕವಾಗಿ ಹೇಳಿದ್ದನ್ನು ನಾನು ಕಾಣೆ. ತೇರಿನ ಎತ್ತರಕ್ಕೆ ಹಾಳೆ ಸಾಲದೆ ಹೋದಾಗ ಕಾನ್ಸೆಪ್ಟ್ಸ್ ಎಂಬ ಫಿನ್ಲೆಂಡಿನ ಆ್ಯಪು ಹಾಕಿಕೊಟ್ಟೆ. ಅದರ ಹಾಳೆಗೆ ಅಂಚೇ ಇಲ್ಲ. ಮೇಲೆ ಮೇಲೆ ಹೋದಷ್ಟೂ ಜಾಗ. ಈಗ ಅವಳ ತೇರು ಯಾವ ಹಳ್ಳಿಯ ತೇರಿಗೂ ಸೋಲುವುದಿಲ್ಲ.

ಬಿಟ್ಟಿ ಆ್ಯಪುಗಳಲ್ಲೂ ಜಾತಿಗಳುಂಟು. ಒಂದು, ದುಡ್ಡಿನ ಬದಲು ಹೊತ್ತು ಕೇಳುವ ಜಾತಿ. ಜಪಾನಿನ ಐಬಿಸ್ ಪೇಂಟ್ ಒಳ್ಳೆಯ ಆ್ಯಪು. ನೀವು ಗೆರೆ ಎಳೆದ ಕ್ರಮವನ್ನೆಲ್ಲ ವಿಡಿಯೊ ಮಾಡಿಟ್ಟು ಕೊನೆಗೆ ತೋರಿಸುತ್ತದೆ. ಆದರೆ ಕೆಲವು ಬ್ರಷ್ಷು ಬೇಕೆಂದರೆ ಜಾಹೀರಾತು ನೋಡಬೇಕು. ಇನ್ನೊಂದು, ತನ್ನ ಹೆಸರು ಹಚ್ಚಿಕೊಳ್ಳುವ ಜಾತಿ. ಫ್ಲಿಪಾಕ್ಲಿಪ್‌ನಲ್ಲಿ ಮಕ್ಕಳು ಸೊಗಸಾಗಿ ಕಾರ್ಟೂನು ಕುಣಿಸಬಹುದು, ಮೂಲೆಯಲ್ಲಿ ಮಾತ್ರ ಕಂಪನಿಯ ಮುದ್ರೆ ಕೂತಿರುತ್ತದೆ, ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ದಾನಿಯ ಹೆಸರಿದ್ದ ಹಾಗೆ. ಮೂರನೆಯದು ಏನನ್ನೂ ಕೇಳದ ಜಾತಿ. ಕ್ರಿತಾ ಇದರ ಕುಲತಿಲಕ. ಕೆಡಿಇ ಎಂಬ ಮುಕ್ತ ತಂತ್ರಾಂಶದ ಬಳಗದವರು, ಬಹುಪಾಲು ದೇಣಿಗೆಯ ಬಲದಿಂದ, ಹತ್ತಾರು ವರ್ಷಗಳಿಂದ ಕಟ್ಟಿದ್ದು. 2020ರಿಂದ ಆಂಡ್ರಾಯ್ಡ್ ಟ್ಯಾಬಿಗೂ ಸಿಗುತ್ತಿದೆ. ದೊಡ್ಡ ಕಂಪ್ಯೂಟರಿಗೆಂದು ಹುಟ್ಟಿದ್ದರಿಂದ ಸಣ್ಣ ಪರದೆಯಲ್ಲಿ ಗುಂಡಿಗಳು ಕಿಕ್ಕಿರಿದು, ಸಂಜೆ ಆರರ ಸಿಲ್ಕ್ ಬೋರ್ಡ್ ಜಂಕ್ಷನ್ ನೆನಪಾಗುವುದು ನಿಜ. ತಾಳ್ಮೆಯಿದ್ದವರಿಗೆ ಅದರಲ್ಲಿಲ್ಲದ್ದಿಲ್ಲ.

ಸಂಗೀತದವರ ಪಾಡೂ ಹೀಗೆಯೇ. ಐಪ್ಯಾಡಿನ ಗ್ಯಾರೇಜ್‌ಬ್ಯಾಂಡಿಗೆ 2011ರಲ್ಲಿ ಬೆಲೆಯಿತ್ತು, 2017ರಿಂದ ಎಲ್ಲರಿಗೂ ಬಿಟ್ಟಿ. ಆಂಡ್ರಾಯ್ಡಿನವರಿಗೆ ಸಿಂಗಪುರದ ಬ್ಯಾಂಡ್‌ಲ್ಯಾಬ್ ಇದೆ. ಶ್ರುತಿಗೆ ತಂಬೂರಿಯ ಆ್ಯಪುಗಳು ಎಷ್ಟು ಬೇಕಾದರೂ ಇವೆ. ತಂತಿಯಿಲ್ಲದ ತಂಬೂರಿಯ ಮೂಲ ಹುಡುಕಿಕೊಂಡು ಹೊರಟರೂ ಬೆಂಗಳೂರಿಗೇ ಬಂದು ನಿಲ್ಲುತ್ತೇವೆ. ಎಚ್‌ಎಎಲ್‌ನಲ್ಲಿ ಎಂಜಿನಿಯರಾಗಿದ್ದ, ಕೊಳಲು ನುಡಿಸುತ್ತಿದ್ದ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಯಲ್ಲಿ ಇಲೆಕ್ಟ್ರಾನಿಕ್ ತಂಬೂರಿ ಮಾಡಿದರು. ಅವರ ರಾಡೆಲ್ ಕಂಪನಿಯ ಪೆಟ್ಟಿಗೆ ಕಛೇರಿಗಳ ವೇದಿಕೆಯೇರಿತು. ಆಗ ಮಡಿವಂತರು ಕಿವಿ ಮುಚ್ಚಿಕೊಂಡಿರಬೇಕು. ಈಗ ಅವರ ಮೊಮ್ಮಕ್ಕಳು ಆ ಪೆಟ್ಟಿಗೆಯೇ ಅಸಲಿ, ಟ್ಯಾಬಿನದು ನಕಲಿ ಎಂದು ವಾದಿಸುತ್ತಾರೆ.

ಚಿತ್ರವಾಯಿತು, ಹಾಡಾಯಿತು. ನಿಜವಾದ ಅಗ್ನಿಪರೀಕ್ಷೆ ಇರುವುದು ನವೆಂಬರಿನಲ್ಲಿ. ಹೆಬ್ಬಗೋಡಿಯಲ್ಲಿ ರಾಜ್ಯೋತ್ಸವ ಒಂದು ದಿನಕ್ಕೆ ಮುಗಿಯುವುದಿಲ್ಲ. ಗಲ್ಲಿಗೊಂದು, ಕಂಪನಿಗೊಂದು, ಆಟೊ ಸ್ಟ್ಯಾಂಡಿಗೊಂದು. ಟ್ಯಾಬಿದ್ದವನ ಮನೆ ಬಾಗಿಲಿಗೆ ಜನ ಬರುತ್ತಾರೆ, “ಸಾರ್, ಒಂದು ಪೋಸ್ಟರ್ ಮಾಡಿಕೊಡಿ.” ಕ್ಯಾನ್ವಾದಲ್ಲಿ ಹಳದಿ ಕೆಂಪು ತುಂಬುವುದು ನಿಮಿಷದ ಕೆಲಸ. ಊರ ಹೆಸರು ಬರೆಯುವಾಗಲೇ ಆ್ಯಪಿನ ಬಂಡವಾಳ ಬಯಲಾಗುವುದು. ನಾನು ಯಾವ ಹೊಸ ಆ್ಯಪು ಹಾಕಿದರೂ ಮೊದಲು ಬರೆದು ನೋಡುವುದು ‘ಹೆಬ್ಬಗೋಡಿ’. ಬ ಕೆಳಗೆ ಒತ್ತು ಅಚ್ಚುಕಟ್ಟಾಗಿ ಕೂತರೆ ಪಾಸು. ಕೂರದೆ ‘ಹೆಬ್‌ಬಗೋಡಿ’ ಎಂದು ಎರಡು ಬಕಾರಗಳು ಅಕ್ಕಪಕ್ಕ ನಿಂತು ಮುಖ ತಿರುಗಿಸಿಕೊಂಡರೆ, ಬ್ರಷ್ಷು ಇನ್ನೂರಿರಲಿ ಸಾವಿರವಿರಲಿ, ಆ್ಯಪು ಫೇಲು.

ಇದರ ಹಿಂದೆ ದೊಡ್ಡ ಗುಟ್ಟೇನಿಲ್ಲ. ಯುನಿಕೋಡಿನಲ್ಲಿ ಒತ್ತಕ್ಷರಕ್ಕೆ ಬೇರೆ ಸಂಕೇತವಿಲ್ಲ. ಬ, ವಿರಾಮ ಚಿಹ್ನೆ, ಮತ್ತೆ ಬ, ಹೀಗೆ ಮೂರು ಸಾಲಾಗಿ ಬರುತ್ತವೆ. ಅವನ್ನು ಒಂದಾಗಿಸಿ ಎರಡನೆಯ ಬಕಾರವನ್ನು ಕೆಳಗೆ ಕೂರಿಸುವುದು ಫಾಂಟಿನೊಳಗಿನ ನಿಯಮಗಳು ಮತ್ತು ಆ ನಿಯಮಗಳನ್ನು ಓದಬಲ್ಲ ಹಾರ್ಫ್‌ಬಜ್‌ನಂಥ ತಂತ್ರಾಂಶ. ಅದೂ ಮುಕ್ತ, ಅದೂ ಪುಕ್ಸಟ್ಟೆ. ಆಂಡ್ರಾಯ್ಡಿನ ಹೊಟ್ಟೆಯಲ್ಲೇ ಇದೆ. ಬಳಸಿಕೊಳ್ಳುವ ಮನಸ್ಸಿಲ್ಲದ ಆ್ಯಪು ಇಂಗ್ಲಿಷಿನ ಹಾಗೆ ಒಂದೊಂದೇ ಅಕ್ಷರ ಜೋಡಿಸಿ ಕೈತೊಳೆದುಕೊಳ್ಳುತ್ತದೆ.

ಯೋಚಿಸಿದರೆ ಪರದೆಯ ಮೇಲಿನ ಕನ್ನಡವೇ ಒಂದು ದೊಡ್ಡ ದಾನ. ಕೆ.ಪಿ. ರಾವ್ 1988ರ ಸುಮಾರಿಗೇ ‘ಸೇಡಿಯಾಪು’ ತಂತ್ರಾಂಶ ಬರೆದು ಬಿಟ್ಟಿ ಹಂಚಿದರು. ಅವರ ಕೀಲಿಮಣೆಯ ವಿನ್ಯಾಸವೇ ‘ನುಡಿ’ ತಂತ್ರಾಂಶದ ಮೂಲಕ ನಮ್ಮೆಲ್ಲರ ಬೆರಳಿಗೆ ಬಂದದ್ದು. ಬಾಲೂ ತಮ್ಮ, ಅನೆಕ್ ಕನ್ನಡ, ಅಕಾಯ ಕನ್ನಡಕ, ನೋಟೋ, ಈ ಫಾಂಟುಗಳನ್ನೆಲ್ಲ ಯಾರು ಬೇಕಾದರೂ ಇಳಿಸಿಕೊಂಡು ಪೋಸ್ಟರಿಗೆ ಹಾಕಬಹುದು, ಮಾರಾಟದ ಪುಸ್ತಕಕ್ಕೂ ಹಾಕಬಹುದು. ಹುಬ್ಬಳ್ಳಿಯ ಹೆಸರಿನದೊಂದು ಫಾಂಟೂ ಇದೆ. ಹೆಬ್ಬಗೋಡಿಯ ಸರದಿ ಇನ್ನೂ ಬಂದಿಲ್ಲ, ಕಾಯುತ್ತಿದ್ದೇವೆ. ಹೀಗೆ ಕೊಟ್ಟವರು ಒಂದು ಕಡೆ, ಗಾಳ ಹಾಕಿ ಕೂತವರು ಇನ್ನೊಂದು ಕಡೆ. ಎರಡಕ್ಕೂ ಅಂಗಡಿಯಲ್ಲಿ ‘ಫ್ರೀ’ ಎಂಬ ಒಂದೇ ಚೀಟಿ. ನನ್ನ ಟ್ಯಾಬಿನಲ್ಲಿ ವರ್ಷಗಟ್ಟಲೆ ಉಳಿದವು ಬಹುತೇಕ ಕೊಟ್ಟವರವೇ.

ಮೊನ್ನೆ ಒಂದು ಹೊಸ ಆ್ಯಪು ಹೆಬ್ಬಗೋಡಿ ಪರೀಕ್ಷೆಯಲ್ಲಿ ಡುಮ್ಕಿ ಹೊಡೆಯಿತು. ಅಳಿಸಲು ಹೊರಟವನನ್ನು ಅಕ್ಕನ ಮಗಳು ತಡೆದಳು. “ಸುಮ್ನೆ ಅಳಿಸಿದ್ರೆ ಅವ್ರಿಗೆ ಹೇಗೆ ಗೊತ್ತಾಗುತ್ತೆ ಮಾಮ?” ಎಂದವಳೇ ಪ್ಲೇ ಸ್ಟೋರಿಗೆ ಹೋಗಿ ಒಂದು ನಕ್ಷತ್ರ ಕೊಟ್ಟು, ‘ನಿಮಗೆ ಒತ್ತಕ್ಷರ ಬರುವುದಿಲ್ಲ’ ಎಂದು ಕನ್ನಡದಲ್ಲೇ ದೂರು ಬರೆದಳು. ದೂರಿನಲ್ಲಿ ಮಾತ್ರ ಒತ್ತಕ್ಷರ ಮುತ್ತಿನ ಹಾಗೆ ಮೂಡಿತ್ತು.